ಟಿಕೆಟ್ ಬೆಲೆ ಏರಿಸಿದ್ದು ಯಂತ್ರ ಎಂಬ ಮಾತನ್ನು ನಂಬಬೇಕೆ?

2026ರ ಫುಟ್‌ಬಾಲ್ ವಿಶ್ವಕಪ್ ಟಿಕೆಟ್ ಬಗ್ಗೆ ಬಂದ ಸುದ್ದಿಗಳನ್ನೆಲ್ಲ ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಟಿಕೆಟ್ 60 ಡಾಲರ್‌ನಿಂದ ಶುರು ಎಂದಿತು ಒಂದು ಸುದ್ದಿ. ಫೈನಲ್‌ನ ಸೀಟಿಗೆ 8,680 ಡಾಲರ್ ಎಂದಿತು ಇನ್ನೊಂದು. ಇದು ಹಗಲು ದರೋಡೆ ಎಂದು ಯುರೋಪಿನ ಅಭಿಮಾನಿ ಸಂಘಗಳು ಕೂಗೆಬ್ಬಿಸಿದವು. ಕೆಲವೇ ವಾರಗಳಲ್ಲಿ, ಟಿಕೆಟಿಗಾಗಿ 50 ಕೋಟಿಗೂ ಹೆಚ್ಚು ಬೇಡಿಕೆ ಬಂದಿದೆ ಎಂದು ಟೂರ್ನಿ ನಡೆಸುವ ಜಾಗತಿಕ ಸಂಸ್ಥೆ ಫಿಫಾ ಹೇಳಿಕೊಂಡಿತು. ದುಬಾರಿ ಅನ್ನುವುದೂ ಜನವೇ, ಮುಗಿಬೀಳುವುದೂ ಜನವೇ ಆದರೆ ದೂರಿನಲ್ಲಿ ಹುರುಳೇನು ಎಂಬ ಪ್ರಶ್ನೆ ಸಹಜ.

ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ ಪಂದ್ಯ ನೋಡುವವರು ಬೆರಳೆಣಿಕೆಯಷ್ಟು. ಉಳಿದವರಿಗೆ ನಡುರಾತ್ರಿ 12.30ರ ಟಿವಿಯೇ ಗತಿ. ಆದರೂ ಈ ಜಗಳ ನಮಗೆ ದೂರದ್ದಲ್ಲ. ಬೇಡಿಕೆ ನೋಡಿ ಕಂಪ್ಯೂಟರ್ ದರ ಬದಲಿಸುವ ಪದ್ಧತಿ ಇಲ್ಲಿನ ಕ್ಯಾಬ್‌ಗೆ ಬಂದಿದೆ, ಹಬ್ಬದ ಬಸ್ಸಿಗೆ ಬಂದಿದೆ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲೂ ಎದುರಾಳಿ ತಂಡ ಯಾವುದು ಎನ್ನುವುದರ ಮೇಲೆ ಬೆಲೆ ಏರಿಳಿಯುತ್ತದೆ. ಫುಟ್‌ಬಾಲ್ ಅಭಿಮಾನಿಗಳು ಮಾತ್ರ ಇದನ್ನು ರಾಜಕೀಯ ಪ್ರಶ್ನೆ ಮಾಡಿದರು, ಹಲವು ಬಾರಿ ಗೆದ್ದರು ಕೂಡ. ಅವರು ಗೆದ್ದದ್ದು ಹೇಗೆ, ಸೋತದ್ದು ಎಲ್ಲಿ ಎಂಬುದು ತಿಳಿದುಕೊಳ್ಳಬೇಕಾದ ವಿಷಯ.

60 ಡಾಲರೂ ನಿಜ, 8,680 ಡಾಲರೂ ನಿಜ

ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ವಿಶ್ವಕಪ್ ನಡೆಸುವ ಹಕ್ಕು ಪಡೆದದ್ದು 2018ರಲ್ಲಿ. ಆಗ ಸಲ್ಲಿಸಿದ ದಾಖಲೆಯಲ್ಲಿ ಗುಂಪು ಹಂತದ ಅತಿ ಅಗ್ಗದ ಟಿಕೆಟ್ 21 ಡಾಲರ್, ಫೈನಲ್‌ನ ಅತಿ ದುಬಾರಿ ಸಾಮಾನ್ಯ ಟಿಕೆಟ್ 1,550 ಡಾಲರ್ ಎಂದು ಅಂದಾಜಿಸಲಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಮಾರಾಟ ಆರಂಭವಾದಾಗ ಕೆಳಗಿನ ತುದಿ 60 ಡಾಲರ್, ಫೈನಲ್‌ನ ಮೇಲಿನ ತುದಿ 6,000 ಡಾಲರ್ ದಾಟಿತ್ತು. ಡಿಸೆಂಬರ್ ಹಂತಕ್ಕೆ ಅದೇ 8,680 ಆಯಿತು. ಡಾಲರಿಗೆ 90 ರೂಪಾಯಿ ಹಿಡಿದರೆ ಸುಮಾರು 7.8 ಲಕ್ಷ. ಇದೇ ಅಮೆರಿಕದಲ್ಲಿ 1994ರ ವಿಶ್ವಕಪ್ ನಡೆದಾಗ ಟಿಕೆಟ್ 25ರಿಂದ 475 ಡಾಲರ್ ಒಳಗಿತ್ತು. ಹಣದುಬ್ಬರ ಕಳೆದು ನೋಡಿದರೂ ಇದು ಬಲು ದೊಡ್ಡ ಜಿಗಿತ.

ಎರಡು ತುದಿಗಳ ನಡುವೆ ಏನಿದೆ ಎಂಬುದೇ ಮುಖ್ಯ. ಲಾಸ್ ಏಂಜಲೀಸ್‌ನಲ್ಲಿ ಅಮೆರಿಕ ಮತ್ತು ಪರಾಗ್ವೆ ನಡುವಿನ ಪಂದ್ಯ ಗುಂಪು ಹಂತದ್ದೇ. ಆದರೂ ಅದರ ಟಿಕೆಟ್ 560ರಿಂದ 2,735 ಡಾಲರ್. 60 ಡಾಲರ್ ಟಿಕೆಟ್ ಇದ್ದದ್ದು ಹೆಚ್ಚು ಜನ ಕೇಳದ ಪಂದ್ಯಗಳಿಗೆ, ಅದೂ ಮೂಲೆಯ ಕೆಲವೇ ಸೀಟುಗಳಿಗೆ. ಡಿಸೆಂಬರಿನಲ್ಲಿ ಆಯಾ ದೇಶದ ಸಂಸ್ಥೆಗಳ ಮೂಲಕ ನಿಷ್ಠಾವಂತ ಅಭಿಮಾನಿಗಳಿಗೆಂದು ಮೀಸಲಿಟ್ಟ ಟಿಕೆಟ್‌ಗಳ ದರ ಹೊರಬಿತ್ತು. ಅದರಲ್ಲಿ ಫೈನಲ್‌ನ ಅತಿ ಅಗ್ಗದ ಸೀಟೇ 4,185 ಡಾಲರ್. ಗಲಾಟೆ ಜೋರಾದದ್ದು ಆಗ. ಒಂದೇ ವಾರದಲ್ಲಿ ಫಿಫಾ ಫೈನಲ್ ಸೇರಿದಂತೆ ಎಲ್ಲ 104 ಪಂದ್ಯಗಳಿಗೂ 60 ಡಾಲರ್ ಟಿಕೆಟ್ ಘೋಷಿಸಿತು.

ಘೋಷಣೆಯ ಅಳತೆ ಇಷ್ಟು. ಪ್ರತಿ ತಂಡದ ಅಭಿಮಾನಿಗಳಿಗೆ ಸಿಗುವ ಪಾಲು ಟಿಕೆಟ್‌ಗಳಲ್ಲಿ ಶೇ 8. ಆ ಪಾಲಿನಲ್ಲಿ ಶೇ 10ರಷ್ಟು ಮಾತ್ರ 60 ಡಾಲರ್ ದರದವು. 80,000 ಸೀಟಿನ ಕ್ರೀಡಾಂಗಣ ಎಂದುಕೊಂಡರೆ ಒಂದು ತಂಡದ ಪಾಲು 6,400, ಅದರಲ್ಲಿ ಅಗ್ಗದವು 640. ಎರಡೂ ತಂಡ ಸೇರಿ 1,280. ಉಳಿದ 78,720 ಸೀಟುಗಳ ಬೆಲೆ ಇದ್ದಲ್ಲೇ ಇತ್ತು. ತಲೆಬರಹಕ್ಕೆ ಇದು ಸಾಕಾಯಿತು.

ಯಂತ್ರದ ಒಳಗೆ ಮೂರು ಅಂಕಿ

ಬೆಲೆ ಬದಲಾಗುವ ಪದ್ಧತಿಗಳಲ್ಲಿ ಮೂರು ಬಗೆ. ಸುದ್ದಿಗಳು ಮೂರನ್ನೂ ಕಲಸಿಬಿಡುತ್ತವೆ.

ಮೊದಲನೆಯದು ಪಂದ್ಯದಿಂದ ಪಂದ್ಯಕ್ಕೆ ಬೇರೆ ಬೆಲೆ. ಫೈನಲ್‌ಗೆ ಹೆಚ್ಚು, ಸಣ್ಣ ಪಂದ್ಯಕ್ಕೆ ಕಡಿಮೆ; ಒಮ್ಮೆ ಗೊತ್ತು ಮಾಡಿದರೆ ಬದಲಾಗದು. ಎರಡನೆಯದು ಒಂದೇ ಸೀಟಿನ ಬೆಲೆ ಕಾಲಕ್ಕೆ ತಕ್ಕಂತೆ ಬದಲಾಗುವುದು, ಅಂದರೆ ಡೈನಮಿಕ್ ಬೆಲೆ. ವಿಶ್ವಕಪ್‌ನಲ್ಲಿ ಬಂದದ್ದು ಇದೇ, ಆದರೆ ಕ್ಯಾಬ್ ಆ್ಯಪ್‌ನಂತೆ ನಿಮಿಷಕ್ಕೊಮ್ಮೆ ಅಲ್ಲ. ಮಾರಾಟದ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಬೇಡಿಕೆ ನೋಡಿ ದರ ತಿದ್ದಿದರು. ಅದಕ್ಕೇ ಫಿಫಾ ‘ನಮ್ಮದು ಡೈನಮಿಕ್ ಅಲ್ಲ’ ಎಂಬ ಧಾಟಿಯಲ್ಲಿ ಮಾತಾಡಿದರೆ, ಅಭಿಮಾನಿಗಳು ‘ಡೈನಮಿಕ್ಕೇ’ ಎನ್ನುತ್ತಾರೆ. ಮೂರನೆಯದು ಕೊಳ್ಳುವವರು ಯಾರು ಎಂದು ನೋಡಿ ಬೆಲೆ ಹೇಳುವುದು. ಫೋನ್ ಯಾವುದು, ಹಿಂದೆ ಎಷ್ಟು ಕೊಟ್ಟಿದ್ದರು, ಎಷ್ಟು ಸಲ ಹುಡುಕಿದರು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಐಫೋನ್‌ಗೊಂದು ದರ, ಆಂಡ್ರಾಯ್ಡ್‌ಗೊಂದು ದರ ತೋರಿಸುತ್ತಾರೆ ಎಂಬ ದೂರಿನ ಮೇಲೆ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್‌ಗಳಿಗೆ ನೋಟಿಸ್ ಕೊಟ್ಟಿದ್ದು ಈ ಮೂರನೆಯ ಬಗೆಗಾಗಿ. ಎರಡೂ ಕಂಪನಿಗಳು ಆರೋಪ ಅಲ್ಲಗಳೆದವು.

ಎರಡನೆಯ ಬಗೆಯ ತಂತ್ರಾಂಶಕ್ಕೆ ಒಳಗೆ ಹೋಗುವ ಮಾಹಿತಿ ದೊಡ್ಡ ರಹಸ್ಯವೇನಲ್ಲ: ಎಷ್ಟು ಸೀಟು ಉಳಿದಿವೆ, ಪಂದ್ಯಕ್ಕೆ ಎಷ್ಟು ದಿನ ಇದೆ, ಹುಡುಕಾಟ ಎಷ್ಟು, ಹಿಂದಿನ ಹಂತದಲ್ಲಿ ಎಷ್ಟು ಬೇಗ ಖಾಲಿಯಾಯಿತು. ಇವನ್ನು ಹಿಡಿದು ಯಂತ್ರ ಲೆಕ್ಕ ಹಾಕುತ್ತದೆ, ಸರಿ. ಆದರೆ ಲೆಕ್ಕಕ್ಕೆ ಮೊದಲು ಮೂರು ವಿಷಯ ಯಾರೋ ಒಬ್ಬರು ಮೇಜಿನ ಮುಂದೆ ಕೂತು ಬರೆಯಲೇಬೇಕು. ಕನಿಷ್ಠ ದರ ಎಷ್ಟು, ಗರಿಷ್ಠ ದರ ಎಷ್ಟು, ಗುರಿ ಯಾವುದು. ಗುರಿ ಅಂದರೆ ಹೆಚ್ಚು ಹಣವೋ, ತುಂಬಿದ ಗ್ಯಾಲರಿಯೋ.

ಇದು ಬರಿ ಮಾತಲ್ಲ, ಫಲಿತಾಂಶವನ್ನೇ ಬದಲಿಸುತ್ತದೆ. ಒಂದು ಸ್ಟ್ಯಾಂಡ್‌ನಲ್ಲಿ 1,000 ಸೀಟು ಇವೆ, 500 ರೂಪಾಯಿಗೆ ಅಷ್ಟೂ ಹೋಗುತ್ತವೆ, 900 ರೂಪಾಯಿಗೆ 700 ಮಾತ್ರ ಹೋಗುತ್ತವೆ ಎಂದುಕೊಳ್ಳಿ. ಮೊದಲ ದಾರಿಯಲ್ಲಿ 5 ಲಕ್ಷ, ಎರಡನೆಯದರಲ್ಲಿ 6.3 ಲಕ್ಷ. ‘ಹೆಚ್ಚು ಹಣ’ ಎಂದು ಹೇಳಿಕೊಟ್ಟ ಯಂತ್ರ 300 ಸೀಟು ಖಾಲಿ ಬಿಡುವುದೇ ಸರಿ ಎನ್ನುತ್ತದೆ. ‘ಕನಿಷ್ಠ ಶೇ 95 ತುಂಬಿರಲಿ’ ಎಂದು ಒಂದು ಸಾಲು ಸೇರಿಸಿದರೆ ಅದೇ ಯಂತ್ರ ಅದೇ ಮಾಹಿತಿ ಇಟ್ಟುಕೊಂಡು ದರ ಇಳಿಸುತ್ತದೆ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ ಮತ್ತು ಫ್ಲುಮಿನೆನ್ಸ್ ಸೆಮಿಫೈನಲ್ ಟಿಕೆಟ್ 473.90 ಡಾಲರ್‌ನಿಂದ 13.40 ಡಾಲರ್‌ಗೆ ಇಳಿದದ್ದು ಹೀಗೆಯೇ. ಖಾಲಿ ಕುರ್ಚಿ ಟಿವಿಯಲ್ಲಿ ಕಾಣುವುದು ಬೇಡ ಎಂದು ಯಾರಿಗೋ ಅನ್ನಿಸಿರಬೇಕು. ಮೊದಲೇ ಕೊಂಡವರಿಗೆ ಹೊಟ್ಟೆ ಉರಿದಿದ್ದರೆ ಅದೂ ಸಹಜ.

ಹಾಗಾಗಿ ‘ಬೆಲೆ ನಿರ್ಧರಿಸುವುದು ಮಾರುಕಟ್ಟೆ, ನಾವಲ್ಲ’ ಎಂದು ಸಂಘಟಕರು ಕೊಡುವ ಉತ್ತರ ಅರ್ಧ ಸತ್ಯ. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ಬೆಲೆಯೂ ಗಂಟೆಗೊಂದು. ಅಲ್ಲಿ ಮಾರುವವರು ಹತ್ತಾರು ಮಂದಿ, ಪಕ್ಕದವರ ಹತ್ತಿರ ಚೌಕಾಸಿ ಮಾಡಬಹುದು, ಎಷ್ಟು ಹೂವು ಬಂದಿದೆ ಎಂದು ಕಣ್ಣಿಗೇ ಕಾಣುತ್ತದೆ. ವಿಶ್ವಕಪ್ ಟಿಕೆಟ್‌ಗೆ ಮಾರುವವನು ಒಬ್ಬನೇ, ಎಷ್ಟು ಸೀಟು ಯಾವ ಹಂತದಲ್ಲಿ ಬಿಡುತ್ತಾನೆ ಎಂಬುದೂ ಅವನಿಗೊಬ್ಬನಿಗೇ ಗೊತ್ತು.

ಫಿಫಾದ ವಾದ ಪೊಳ್ಳಲ್ಲ

ಎದುರು ವಾದವನ್ನೂ ನೆಟ್ಟಗೆ ಕೇಳಬೇಕು. ಫಿಫಾ ಹೇಳುವುದು ಎರಡು ಮಾತು.

ಒಂದು, ಅಮೆರಿಕದಲ್ಲಿ ಟಿಕೆಟ್ ಮರುಮಾರಾಟಕ್ಕೆ ಬಹುತೇಕ ಕಡೆ ಕಡಿವಾಣವಿಲ್ಲ. 200 ಡಾಲರ್‌ಗೆ ಕೊಟ್ಟರೆ ದಲ್ಲಾಳಿ ಅದನ್ನು 2,000ಕ್ಕೆ ಮಾರುತ್ತಾನೆ; ಆ 1,800 ಫುಟ್‌ಬಾಲ್‌ಗೆ ಬರುವ ಬದಲು ದಲ್ಲಾಳಿಯ ಜೇಬಿಗೆ ಹೋಗುತ್ತದೆ. ಎರಡು, ತಾನು ಲಾಭಕ್ಕೆ ನಡೆಯುವ ಸಂಸ್ಥೆಯಲ್ಲ, ಬಂದ ಹಣ 211 ಸದಸ್ಯ ಸಂಸ್ಥೆಗಳಿಗೆ ಹಂಚಿಹೋಗುತ್ತದೆ. ಇದೂ ನಿಜವೇ. 2023ರಿಂದ 2026ರ ಅವಧಿಗೆ ಫಿಫಾ ಫಾರ್ವರ್ಡ್ ಯೋಜನೆಯಲ್ಲಿ ಪ್ರತಿ ದೇಶದ ಸಂಸ್ಥೆಗೆ 80 ಲಕ್ಷ ಡಾಲರ್ ತನಕ ಸಿಗುತ್ತದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಂದರೆ ಎಐಎಫ್‌ಎಫ್ ಕೂಡ ಅದರಲ್ಲಿ ಪಾಲುದಾರ. ನ್ಯೂಜೆರ್ಸಿಯಲ್ಲಿ ಶ್ರೀಮಂತನೊಬ್ಬ ಫೈನಲ್ ನೋಡಲು ಕೊಟ್ಟ ದುಡ್ಡಿನ ಒಂದು ಚೂರು ಬೆಂಗಳೂರಿನ ಗೌತಮಪುರದ ಹುಡುಗರ ಆಟಕ್ಕೂ ತಲುಪಬಹುದು ಎಂದರೆ ತಪ್ಪಿಲ್ಲ. ಉಳ್ಳವರಿಂದ ತೆಗೆದು ಇಲ್ಲದವರಿಗೆ ಕೊಡುವುದು ಆರ್ಥಿಕ ನ್ಯಾಯವೇ ಅಲ್ಲವೇ ಎಂದು ಕೇಳಿದರೆ ಸುಲಭದ ಉತ್ತರವಿಲ್ಲ.

ಆದರೆ ಮೊದಲ ವಾದದ ಕಾಲನ್ನು ಫಿಫಾ ತಾನೇ ಮುರಿಯಿತು. ತನ್ನದೇ ಮರುಮಾರಾಟದ ತಾಣ ತೆರೆದು ಮಾರುವವನಿಂದ ಶೇ 15, ಕೊಳ್ಳುವವನಿಂದ ಶೇ 15 ಕಮಿಷನ್ ಹಿಡಿಯಿತು. 1,000 ಡಾಲರ್ ಎಂದು ಪಟ್ಟಿ ಮಾಡಿದ ಟಿಕೆಟಿಗೆ ಕೊಳ್ಳುವವನು ಕೊಡುವುದು 1,150, ಮಾರುವವನ ಕೈಗೆ ಬರುವುದು 850, ನಡುವಿನ 300 ಫಿಫಾಕ್ಕೆ. ಟಿಕೆಟ್ ಎಷ್ಟು ಸಲ ಕೈ ಬದಲಿಸಿದರೆ ಅಷ್ಟು ಸಲ ಆದಾಯ. ದಲ್ಲಾಳಿಯನ್ನು ತಡೆಯಲು ಬೆಲೆ ಏರಿಸಿದೆವು ಎನ್ನುವವರಿಗೆ ದಲ್ಲಾಳಿ ಕೆಲಸದಿಂದಲೇ ವರಮಾನ ಬರುವಾಗ, ಅದನ್ನು ತಡೆಯುವ ಉತ್ಸಾಹ ಎಲ್ಲಿಂದ ಬರಬೇಕು?

ಮೆಕ್ಸಿಕೊದಲ್ಲಿ ಮಾತ್ರ ಕಥೆ ಬೇರೆ. ಅಲ್ಲಿನ ನಿಯಮಗಳಿಂದಾಗಿ ಆ ದೇಶದವರಿಗೆ ಮುದ್ರಿತ ಬೆಲೆಗೇ ಟಿಕೆಟ್ ಕೈ ಬದಲಿಸುವ ಪ್ರತ್ಯೇಕ ವ್ಯವಸ್ಥೆ ಮಾಡಬೇಕಾಯಿತು. ಅದೇ ಟೂರ್ನಿ, ಅದೇ ಸಂಸ್ಥೆ. ಬದಲಾದದ್ದು ದೇಶದ ಕಾನೂನು ಮಾತ್ರ.

ಬೆಲೆ ಇಳಿಸಿದರೆ ಸಾಲದು

‘ಅಗ್ಗ ಮಾಡಿ’ ಎಂಬ ಬೇಡಿಕೆಗೂ ಒಂದು ತೊಡಕಿದೆ. 80,000 ಸೀಟಿಗೆ 10 ಲಕ್ಷ ಜನ ಬಂದರೆ ಯಾವುದಾದರೂ ಒಂದು ಜರಡಿ ಬೇಕೇ ಬೇಕು. ಜರಡಿಯಾಗಿ ಬೆಲೆ ಬೇಡ ಎಂದರೆ ಉಳಿಯುವುದು ಸರತಿ, ಲಾಟರಿ, ಇಲ್ಲವೇ ಮೀಸಲು.

ಸರತಿ ಎಂದರೆ ಮೊದಲು ಬಂದವರಿಗೆ ಮೊದಲು. ಆನ್‌ಲೈನ್‌ನಲ್ಲಿ ಇದು ಗೆಲ್ಲಿಸುವುದು ಮನುಷ್ಯರನ್ನಲ್ಲ, ಒಂದೇ ಕ್ಷಣದಲ್ಲಿ ನೂರಾರು ಖಾತೆಯಿಂದ ಬುಕ್ ಮಾಡುವ ಬಾಟ್‌ಗಳನ್ನು. ಲಾಟರಿಯಲ್ಲಿ ಬಾಟ್‌ನ ವೇಗ ಕೆಲಸಕ್ಕೆ ಬಾರದು, ಆದರೆ ನೂರು ಹೆಸರಲ್ಲಿ ಅರ್ಜಿ ಹಾಕುವವನು ಗೆಲ್ಲುತ್ತಾನೆ. ಅದಕ್ಕೇ ಒಂದು ಪಂದ್ಯಕ್ಕೆ 4, ಇಡೀ ಟೂರ್ನಿಗೆ 40 ಟಿಕೆಟ್ ಎಂಬ ಮಿತಿ ಹಾಕಿದ್ದರು. ಮಿತಿಯನ್ನು ಮೀರದಂತೆ ತಡೆಯಬೇಕಾದರೆ ಟಿಕೆಟಿಗೆ ಹೆಸರು ಅಂಟಿಸಿ ಗೇಟಿನಲ್ಲಿ ಗುರುತಿನ ಚೀಟಿ ನೋಡಬೇಕು. ಹೆಸರು ಅಂಟಿಸಿದರೆ ಕಾಯಿಲೆ ಬಿದ್ದವನು ತಮ್ಮನಿಗೆ ಟಿಕೆಟ್ ಕೊಡಲಾಗದು. ಅದಕ್ಕೆ ಮುದ್ರಿತ ಬೆಲೆಗೆ ವಾಪಸ್ ಮಾಡುವ ದಾರಿ ಬಿಡಬೇಕು. ಗೇಟಿನಲ್ಲಿ ಪ್ರತಿಯೊಬ್ಬರ ಚೀಟಿ ನೋಡಲು ಹತ್ತು ಸೆಕೆಂಡ್ ಹಿಡಿದರೂ ಸಾವಿರ ಜನಕ್ಕೆ ಒಂದು ಗೇಟಿನಲ್ಲಿ ಮೂರು ತಾಸಿಗೆ ಹತ್ತಿರ. ಗೇಟು ಹೆಚ್ಚಿಸದಿದ್ದರೆ ನೂಕುನುಗ್ಗಲು. ಹೀಗೆ ಒಂದು ಕೊಂಡಿ ಹಾಕಿದರೆ ಇನ್ನೊಂದು ಕೊಂಡಿ ಬೇಕಾಗುತ್ತದೆ. ಅಗ್ಗದ ಬೆಲೆ, ಹೆಸರಿನ ಟಿಕೆಟ್, ಮುದ್ರಿತ ಬೆಲೆಯ ವಾಪಸಾತಿ, ಸಾಕಷ್ಟು ಗೇಟು, ಇವು ನಾಲ್ಕೂ ಒಟ್ಟಿಗೆ ಬಂದರೆ ಮಾತ್ರ ಕೆಲಸ ಮಾಡುತ್ತವೆ. ಒಂದನ್ನು ಬಿಟ್ಟರೂ ಕಾಳಸಂತೆಗೆ ದಾರಿ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದನ್ನು ಸಣ್ಣ ಸಂಘಟಿತ ಅಪರಾಧಗಳ ಪಟ್ಟಿಗೆ ಸೇರಿಸಿದೆ, ಒಂದರಿಂದ ಏಳು ವರ್ಷ ಶಿಕ್ಷೆ ಇದೆ. ಬೀದಿಯಲ್ಲಿ ಬ್ಲ್ಯಾಕ್ ಮಾರುವವನಿಗೆ ಇದು ಅನ್ವಯಿಸೀತು. ಸಂಘಟಕರೇ ಅಧಿಕೃತವಾಗಿ ಬೆಲೆ ನಾಲ್ಕು ಪಟ್ಟು ಮಾಡಿದರೆ ಅನ್ವಯಿಸದು.

ಎಡ, ಬಲ ಎರಡೂ ಕಡೆ ಒಂದೇ ಕೂಗು

ಟಿಕೆಟ್ ದರ ಚುನಾವಣಾ ವಿಷಯವಾದದ್ದು ನ್ಯೂಯಾರ್ಕಿನಲ್ಲಿ. 2025ರಲ್ಲಿ ಮೇಯರ್ ಅಭ್ಯರ್ಥಿಯಾಗಿದ್ದ ಜೋಹ್ರಾನ್ ಮಮ್ದಾನಿ, ಸ್ವತಃ ಆರ್ಸೆನಲ್ ಅಭಿಮಾನಿ, ಡೈನಮಿಕ್ ಬೆಲೆ ನಿಲ್ಲಿಸಿ, ಮರುಮಾರಾಟಕ್ಕೆ ಮಿತಿ ಹಾಕಿ, ಶೇ 15ರಷ್ಟು ಟಿಕೆಟ್ ಸ್ಥಳೀಯರಿಗೆ ರಿಯಾಯಿತಿಯಲ್ಲಿ ಕೊಡಿ ಎಂದು ಸಹಿ ಸಂಗ್ರಹಕ್ಕೆ ಇಳಿದರು. ಅವರು ಸಮಾಜವಾದಿ, ಹಾಗಾಗಿ ಇದು ಎಡಪಂಥದ ಬೇಡಿಕೆ ಎಂದು ತಳ್ಳಿಹಾಕುವವರೂ ಇದ್ದಾರೆ. ಇಂಗ್ಲೆಂಡಿನ ಅನುಭವ ಹಾಗೆ ಹೇಳುವುದಿಲ್ಲ. ಕ್ಲಬ್‌ಗಳ ಮೇಲೆ ನಿಗಾ ಇಡುವ ಸ್ವತಂತ್ರ ನಿಯಂತ್ರಕ ಬೇಕೆಂದು 2021ರಲ್ಲಿ ಶಿಫಾರಸು ಬಂದದ್ದು ಕನ್ಸರ್ವೇಟಿವ್ ಸರ್ಕಾರ ನೇಮಿಸಿದ ಪರಿಶೀಲನೆಯಿಂದ. 2025ರ ಜುಲೈನಲ್ಲಿ ಅದನ್ನು ಕಾಯ್ದೆ ಮಾಡಿದ್ದು ಲೇಬರ್ ಸರ್ಕಾರ.

ಅಭಿಮಾನಿಗಳ ನಿಜವಾದ ಬಲ ಇರುವುದು ಬೇರೆ ಕಡೆ. ವಿಮಾನದಲ್ಲಿ ಕೂತ ಪ್ರಯಾಣಿಕ ಸೇವೆಯನ್ನು ಕೊಳ್ಳುತ್ತಾನೆ ಅಷ್ಟೆ. ಗ್ಯಾಲರಿಯಲ್ಲಿ ಕೂಗುವವನು ಟಿವಿಗೆ ಮಾರುವ ಸರಕಿನ ಒಂದು ಭಾಗವೂ ಹೌದು. ಅವನು ಎದ್ದು ಹೋದರೆ ಸರಕು ಕೆಡುತ್ತದೆ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್‌ನ ಹೊಸ ಸ್ಟ್ಯಾಂಡಿನ ಟಿಕೆಟಿಗೆ 77 ಪೌಂಡ್ ಎಂದಾಗ ಸುಮಾರು 10,000 ಅಭಿಮಾನಿಗಳು ಸರಿಯಾಗಿ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ಆಗ ತಂಡ 2-0 ಮುಂದಿತ್ತು, ಪಂದ್ಯ 2-2ರಲ್ಲಿ ಮುಗಿಯಿತು. ಮಾಲೀಕರು ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ಏರಿಕೆ ಕೈಬಿಟ್ಟರು. ಅದೇ ವರ್ಷದಿಂದ ಪ್ರೀಮಿಯರ್ ಲೀಗ್‌ನಲ್ಲಿ ಪ್ರವಾಸಿ ತಂಡದ ಅಭಿಮಾನಿಗಳ ಟಿಕೆಟಿಗೆ 30 ಪೌಂಡ್ ಮಿತಿ ಬಂತು.

ಜರ್ಮನಿಯಲ್ಲಿ ಕ್ಲಬ್‌ನ ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ 50+1 ನಿಯಮ ಇದೆ. ಲೀಗ್‌ನ ಮಾಧ್ಯಮ ಹಕ್ಕಿನ ಆದಾಯದಲ್ಲಿ ಶೇ 8ರಷ್ಟನ್ನು ಖಾಸಗಿ ಹೂಡಿಕೆದಾರರಿಗೆ ಮಾರಲು ಹೊರಟಾಗ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡು ಎಸೆದರು, ರಿಮೋಟ್ ಆಟಿಕೆ ಕಾರು ಬಿಟ್ಟರು, ಪಂದ್ಯಗಳು ನಿಂತು ನಿಂತು ನಡೆದವು. 2024ರ ಫೆಬ್ರವರಿ 21ರಂದು ಲೀಗ್ ಆ ಯೋಜನೆ ಬಿಟ್ಟಿತು. ಇಂಥದ್ದೇ ಸದಸ್ಯತ್ವದ ನಿಯಮ ಇರುವ ಸ್ವೀಡನ್‌ನಲ್ಲಿ ವಿಡಿಯೊ ತೀರ್ಪುಗಾರ ವ್ಯವಸ್ಥೆಯನ್ನೇ 2024ರಲ್ಲಿ ಬೇಡ ಎಂದರು. ಯಂತ್ರ ಬೇಕೆ, ಬೇಡವೆ ಎಂದು ಕೇಳುವ ಪದ್ಧತಿ ಇರುವ ಕಡೆ ‘ಬೇಡ’ ಎಂಬ ಉತ್ತರವೂ ಬರುತ್ತದೆ.

ವಿಶ್ವಕಪ್‌ನಲ್ಲಿ ಈ ಬಲ ಕೆಲಸಕ್ಕೆ ಬರುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಟೂರ್ನಿಗೆ ಕಾಯಂ ಅಭಿಮಾನಿ ಬಳಗವಿಲ್ಲ, ಒಬ್ಬ ಎದ್ದು ಹೋದರೆ ಆ ಕುರ್ಚಿಗೆ ಹತ್ತು ಪ್ರವಾಸಿಗರು. ಆ 50 ಕೋಟಿ ಬೇಡಿಕೆಯೂ ಅಷ್ಟು ಜನರದ್ದಲ್ಲ, ಅಷ್ಟು ಟಿಕೆಟಿನದ್ದು. ಒಬ್ಬರೇ ಹಲವು ಪಂದ್ಯಕ್ಕೆ, ಪಂದ್ಯಕ್ಕೆ ನಾಲ್ಕರಂತೆ ಕೇಳಬಹುದಿತ್ತು.

ಬೆಂಗಳೂರಿನಲ್ಲಿ ಇದೇ ಜಗಳ, ಬೇರೆ ವೇಷ

ಕರ್ನಾಟಕ ಸರ್ಕಾರ ಬೆಲೆಗೆ ಮೂಗುದಾರ ಹಾಕಲು ಹೊರಟದ್ದು ಎರಡು ಸಲ ಸುದ್ದಿಯಾಯಿತು. 2024ರ ಫೆಬ್ರವರಿಯಲ್ಲಿ ಟ್ಯಾಕ್ಸಿಗಳಿಗೆ ಏಕರೂಪ ದರ ಗೊತ್ತು ಮಾಡಿ, ಬೇಡಿಕೆ ನೋಡಿ ದರ ಏರಿಸುವಂತಿಲ್ಲ ಎಂದಿತು. 2025ರ ಜುಲೈನಲ್ಲಿ ಕೇಂದ್ರದ ಮಾರ್ಗಸೂಚಿ ಮೂಲ ದರದ ಎರಡು ಪಟ್ಟು ತನಕ ಏರಿಸಲು ಅವಕಾಶ ಕೊಟ್ಟಿತು. ಎರಡೂ ಸರ್ಕಾರದವೇ, ದಿಕ್ಕು ಮಾತ್ರ ಬೇರೆ.

ಎರಡನೆಯದು ಸಿನಿಮಾ. 2025ರ ಸೆಪ್ಟೆಂಬರಿನಲ್ಲಿ ಮಲ್ಟಿಪ್ಲೆಕ್ಸ್ ಸೇರಿ ಎಲ್ಲೆಡೆ ಟಿಕೆಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಎಂದು ನಿಯಮ ಬಂತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಎರಡು ವಾರ ತುಂಬುವುದರೊಳಗೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಆಮೇಲೆ ವಿಭಾಗೀಯ ಪೀಠ, ಸರ್ಕಾರ ಗೆದ್ದರೆ ಹೆಚ್ಚುವರಿ ಹಣ ವಾಪಸ್ ಕೊಡಲು ಅನುಕೂಲವಾಗುವಂತೆ ಮಾರಾಟದ ಲೆಕ್ಕ ಇಡಿ ಎಂದಿತು. ಸೌಲಭ್ಯ ಬೇರೆ ಬೇರೆ ಇರುವಾಗ ಎಲ್ಲಕ್ಕೂ ಒಂದೇ ಮಿತಿ ಹೇಗೆ ಎಂಬುದು ಚಿತ್ರಮಂದಿರಗಳ ತಕರಾರು. ಈ ತಕರಾರಿನಲ್ಲಿ ಹುರುಳಿದೆ. ಒಂದೇ ಅಂಕಿಯ ಮಿತಿ ಕೋರ್ಟಿನಲ್ಲಿ ನಿಲ್ಲಿಸುವುದು ಯಾವಾಗಲೂ ಕಷ್ಟ.

ಮೂರನೆಯ ದಾರಿ ನಮ್ಮ ಕಣ್ಣೆದುರಿಗೇ ಇದೆ, ಯಾರೂ ಗಮನಿಸುವುದಿಲ್ಲ. 2016ರ ಸೆಪ್ಟೆಂಬರಿನಿಂದ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಲ್ಲಿ ಫ್ಲೆಕ್ಸಿ ದರ ಬಂತು. ಪ್ರತಿ ಶೇ 10 ಬರ್ತ್ ಮಾರಾಟವಾದಂತೆ ಮೂಲ ದರ ಶೇ 10 ಏರುತ್ತದೆ, ಶುರುವಿನಲ್ಲಿ ಒಂದೂವರೆ ಪಟ್ಟಿಗೆ ಮಿತಿ ಇತ್ತು. ಇದೂ ಡೈನಮಿಕ್ಕೇ. ಜನ ಬೈದುಕೊಂಡರೂ ನಿಯಮ ಎಲ್ಲರಿಗೂ ಗೊತ್ತು, ಮಿತಿ ಗೊತ್ತು, ಪಕ್ಕದ ಸೀಟಿನವನು ಎಷ್ಟು ಕೊಟ್ಟ, ಯಾಕೆ ಅಷ್ಟು ಕೊಟ್ಟ ಎಂದು ಲೆಕ್ಕ ಹಾಕಬಹುದು. ದರ ಬದಲಾಗುವುದಕ್ಕಿಂತ, ಯಾಕೆ ಬದಲಾಯಿತು ಎಂದು ಗೊತ್ತಾಗದಿರುವುದೇ ಜನರನ್ನು ಹೆಚ್ಚು ಕೆರಳಿಸುತ್ತದೆ.

ಇದೇ ಜಾಗದಲ್ಲಿ ಕರ್ನಾಟಕದ ಇನ್ನೊಂದು ಕಾಯ್ದೆ ನೆನಪಾಗಬೇಕು. 2025ರ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್ ಕಂಪನಿಗಳಿಂದ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಪಡೆಯುತ್ತದೆ ಎಂಬುದು ಎಲ್ಲರೂ ಓದಿದ ಸುದ್ದಿ. ಅದರಲ್ಲೇ, ಕಾರ್ಮಿಕರ ಮೇಲೆ ನಿಗಾ ಇಡುವ, ಅವರ ಕೆಲಸದ ಬಗ್ಗೆ ತೀರ್ಮಾನ ಮಾಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಕಂಪನಿ ತಿಳಿಸಬೇಕೆಂಬ ಕಲಂ ಕೂಡ ಇದೆ. ಅಂದರೆ ಊಟ ತಂದುಕೊಡುವ ಹುಡುಗನಿಗೆ ಯಂತ್ರದ ಲೆಕ್ಕ ಕೇಳುವ ಹಕ್ಕು ಸಿಕ್ಕಿದೆ. ಟಿಕೆಟ್ ಕೊಳ್ಳುವವರಿಗೆ ಅಂಥ ಹಕ್ಕು ಕೊಡುವ ಕಾಯ್ದೆ ರಾಜ್ಯದಲ್ಲಿ ಇಲ್ಲ. ಬೆಲೆ ಎಷ್ಟಿರಬೇಕು ಎಂದು ಸರ್ಕಾರ ಹೇಳುವುದು ಒಂದು. ಕನಿಷ್ಠ, ಗರಿಷ್ಠ ಮತ್ತು ಏರುವ ನಿಯಮವನ್ನು ಮೊದಲೇ ಪ್ರಕಟಿಸಿ ಎಂದು ಕೇಳುವುದು ಇನ್ನೊಂದು. ಎರಡನೆಯದು ಕೋರ್ಟಿನಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು, ಯಾಕೆಂದರೆ ಅದು ವ್ಯಾಪಾರದ ಸ್ವಾತಂತ್ರ್ಯಕ್ಕೆ ಕೈ ಹಾಕುವುದಿಲ್ಲ.

ಕಂಠೀರವದಲ್ಲಿ ಲೆಕ್ಕ ಉಲ್ಟಾ

ಇಷ್ಟೆಲ್ಲ ಹೇಳಿ ಬೆಂಗಳೂರಿನ ಫುಟ್‌ಬಾಲ್‌ಗೆ ಬಂದರೆ ಸಮಸ್ಯೆ ತಿರುಗಿ ನಿಲ್ಲುತ್ತದೆ. ಅಲ್ಲಿ ಸೀಟು ಸಾಲದು, ಇಲ್ಲಿ ಹಣ ಸಾಲದು.

ದೇಶದ ಅಗ್ರ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿ ಮತ್ತು ಎಐಎಫ್‌ಎಫ್ ನಡುವಿನ 15 ವರ್ಷದ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ವರ್ಷಕ್ಕೆ 50 ಕೋಟಿ ರೂಪಾಯಿಯ ಒಪ್ಪಂದ ಅದು. ನವೀಕರಣ ಆಗಲಿಲ್ಲ, ಜುಲೈನಲ್ಲಿ ಲೀಗ್ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ಹೊಸ ಪಾಲುದಾರರಿಗಾಗಿ ಕರೆದ ಟೆಂಡರಿಗೆ ಒಂದು ಬಿಡ್ ಕೂಡ ಬರಲಿಲ್ಲ. ಕೊನೆಗೆ ಕೇಂದ್ರ ಕ್ರೀಡಾ ಸಚಿವರು ಮಧ್ಯೆ ಬಂದು, 14 ಕ್ಲಬ್‌ಗಳ ಲೀಗ್ 2026ರ ಫೆಬ್ರವರಿ 14ರಿಂದ ಎಂದು ಘೋಷಿಸಿದರು. ಎರಡು ಸುತ್ತಿನ ಬದಲು ಒಂದೇ ಸುತ್ತು, ಒಟ್ಟು 91 ಪಂದ್ಯ.

ಒಂದೇ ಸುತ್ತು ಎಂದರೆ ಒಂದು ಕ್ಲಬ್‌ಗೆ 13 ಪಂದ್ಯ, ತವರಿನಲ್ಲಿ 6 ಅಥವಾ 7. ಹಿಂದಿನ ಋತುವಿನಲ್ಲಿ ಲೀಗ್ ಹಂತದ ತವರು ಪಂದ್ಯಗಳೇ 12 ಇದ್ದವು. ಕಂಠೀರವಕ್ಕೆ ಪಂದ್ಯಕ್ಕೆ 10,000 ಜನ ಬಂದು ಸರಾಸರಿ 300 ರೂಪಾಯಿ ಕೊಟ್ಟರು ಎಂದುಕೊಂಡರೂ 7 ಪಂದ್ಯಕ್ಕೆ 2.1 ಕೋಟಿ. ಲೀಗ್‌ನಲ್ಲಿ ಆಟಗಾರರ ಸಂಬಳದ ಮಿತಿಯೇ 16 ಕೋಟಿ ದಾಟಿತ್ತು. ಟಿಕೆಟ್ ಬೆಲೆಯನ್ನು ಯಾವ ಯಂತ್ರ ಎಷ್ಟು ತಿರುಚಿದರೂ ಈ ಕಂದರ ಮುಚ್ಚದು. ಇಮ್ಮಡಿ ಮಾಡಿ ಜನ ಅಷ್ಟೇ ಬಂದರೆ 4.2 ಕೋಟಿ, ಅರ್ಧ ಜನ ಬಿಟ್ಟರೆ ಮತ್ತೆ 2.1 ಕೋಟಿ, ಅದರ ಮೇಲೆ ಟಿವಿಯಲ್ಲಿ ಖಾಲಿ ಗ್ಯಾಲರಿ, ಪ್ರಾಯೋಜಕರ ಮುಖ ಸಣ್ಣದು.

ಆದ್ದರಿಂದ ಇಲ್ಲಿ ಆರ್ಥಿಕ ನ್ಯಾಯದ ಪ್ರಶ್ನೆ ಟಿಕೆಟ್ ದರದ್ದಲ್ಲ, ನಷ್ಟ ಯಾರ ತಲೆಗೆ ಎಂಬುದು. 2025ರಲ್ಲಿ ಅದು ಮೊದಲು ಬಿದ್ದದ್ದು ಆಟಗಾರರ, ಸಿಬ್ಬಂದಿಯ ತಲೆಗೆ. ಅಭಿಮಾನಿಗೆ ಮಾತಿನ ಹಕ್ಕಿಲ್ಲ ಎಂಬುದು ಮಾತ್ರ ಎರಡೂ ಕಡೆ ಒಂದೇ. ಬೆಂಗಳೂರು ಎಫ್‌ಸಿ ಅಭಿಮಾನಿಗಳ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ 90 ನಿಮಿಷ ನಿಂತು ಹಾಡಬಹುದು, ಲೀಗ್ ಯಾರಿಗೆ ಗುತ್ತಿಗೆ ಹೋಗಬೇಕು ಎಂಬ ಮೇಜಿನಲ್ಲಿ ಅದಕ್ಕೆ ಕುರ್ಚಿಯಿಲ್ಲ. 1946-47ರಲ್ಲೇ ಮೈಸೂರು ಹೆಸರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದು, 2023ರಲ್ಲಿ ರಿಯಾದ್‌ನಲ್ಲಿ ಮತ್ತೆ ಗೆದ್ದ ರಾಜ್ಯ ಇದು. ಅಷ್ಟು ಹಳೆಯ ಆಟದ ಭವಿಷ್ಯ ಒಂದು ಟೆಂಡರಿಗೆ ಬಿಡ್ ಬರುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು.

ಮುಂದೆ ಗಮನಿಸಬೇಕಾದ್ದು

ಯುರೋಪ್ ಮತ್ತು ಅಮೆರಿಕ ಬೇರೆ ಬೇರೆ ದಾರಿ ಹಿಡಿಯುತ್ತಿವೆ. 2028ರ ಯೂರೊ ಟೂರ್ನಿಗೆ ಡೈನಮಿಕ್ ಬೆಲೆ ಇರುವುದಿಲ್ಲ ಎಂದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಹೇಳಿದೆ. ಆದರೆ 2026ರ ಟೂರ್ನಿಯಿಂದ ಬರುವ ಆದಾಯ ಕಂಡ ಮೇಲೆ ಫಿಫಾ ಹಳೆಯ ಪದ್ಧತಿಗೆ ಮರಳುವ ಸಾಧ್ಯತೆ ಕಡಿಮೆ. ಭಾರತದಲ್ಲಿ ಈ ಪದ್ಧತಿ ಮೊದಲು ಹಬ್ಬುವುದು ಐಪಿಎಲ್ ಮತ್ತು ದೊಡ್ಡ ಸಂಗೀತ ಕಾರ್ಯಕ್ರಮಗಳ ಮೂಲಕ. ಐಪಿಎಲ್ ಟಿಕೆಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿರುವುದರಿಂದ ಮೂಲ ಬೆಲೆ 1,000 ರೂಪಾಯಿ ಏರಿದರೆ ಕೊಳ್ಳುವವರಿಗೆ ಏರುವುದು 1,400. ಬೆಲೆ ಏರಿದಷ್ಟೂ ಸರ್ಕಾರಕ್ಕೂ ಪಾಲು ಹೆಚ್ಚು. ನಿಯಂತ್ರಣದ ಉತ್ಸಾಹ ಅಷ್ಟರಮಟ್ಟಿಗೆ ತಗ್ಗಬಹುದು.

ಈಗಿರುವ ಕಾನೂನಿನಲ್ಲೇ ಟಿಕೆಟ್ ಕೊಳ್ಳುವವರಿಗೆ ಸ್ವಲ್ಪ ಆಸರೆ ಇದೆ. 2023ರ ನವೆಂಬರಿನ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ಮೋಸಗಳನ್ನು ಹೆಸರಿಸಿದೆ. ಮೊದಲು ಒಂದು ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಶುಲ್ಕ ಸೇರಿಸುವುದು, ಸೀಟು ಬೇಕಾದಷ್ಟಿದ್ದರೂ ‘ಎರಡೇ ಉಳಿದಿವೆ’ ಎಂದು ಅವಸರಪಡಿಸುವುದು, ಕೇಳದೆ ವಿಮೆಯನ್ನೋ ದೇಣಿಗೆಯನ್ನೋ ಬುಟ್ಟಿಗೆ ತುಂಬುವುದು ಎಲ್ಲವೂ ಅದರಲ್ಲಿವೆ. ಹೀಗಾದರೆ ಮೊದಲ ಪುಟ ಮತ್ತು ಪಾವತಿ ಪುಟ ಎರಡರ ಸ್ಕ್ರೀನ್‌ಶಾಟ್ ಗಂಟೆ ಕಾಣುವಂತೆ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಒಂದೇ ಸೀಟಿಗೆ ಎರಡು ಫೋನಿನಲ್ಲಿ ಎರಡು ಬೆಲೆ ಕಂಡರೆ ಎರಡನ್ನೂ ಒಂದೇ ನಿಮಿಷದಲ್ಲಿ ತೆಗೆದಿರಬೇಕು. ಹತ್ತು ನಿಮಿಷದ ಅಂತರವಿದ್ದರೆ ‘ಬೇಡಿಕೆ ಬದಲಾಯಿತು’ ಎಂದು ಕಂಪನಿ ಸುಲಭವಾಗಿ ಜಾರಿಕೊಳ್ಳುತ್ತದೆ.

ಐಎಸ್‌ಎಲ್‌ಗೆ ದೀರ್ಘಾವಧಿಯ ವಾಣಿಜ್ಯ ಪಾಲುದಾರರನ್ನು ಹುಡುಕುವ ಮಾತು ಬಂದಾಗಲೆಲ್ಲ ಸುದ್ದಿಯಾಗುವುದು ಕೋಟಿಗಳ ಅಂಕಿ. ಅಭಿಮಾನಿ ಸಂಘಗಳು ಕೇಳಬೇಕಾದ ಕಲಂ ಬೇರೆ: ಟಿಕೆಟ್ ದರ ಗೊತ್ತು ಮಾಡುವ ಅಧಿಕಾರ ಕ್ಲಬ್‌ನಲ್ಲೇ ಉಳಿಯುತ್ತದೋ, ಟಿಕೆಟ್ ಮಾರುವ ಕಂಪನಿಗೆ ಹೋಗುತ್ತದೋ, ಮತ್ತು ಸಂಬಳ ನಿಲ್ಲಿಸುವ ಮುನ್ನ ಆಟಗಾರರಿಗೆ ಕೊಡಬೇಕಾದ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬ ಷರತ್ತು ಒಪ್ಪಂದದಲ್ಲಿ ಇದೆಯೋ ಇಲ್ಲವೋ.